ಮಯತ, ಗೈರು, ನಾಪತ್ತೆ: ಉತಾರದಲ್ಲಿ ಇಲ್ಲದವರ ಲೆಕ್ಕ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳೆಯ ಉತಾರ (ಪಹಣಿ), ಡೈರಿ (ಹಕ್ಕು ಬದಲಾವಣೆಯ ದಾಖಲೆ)ಗಳಲ್ಲಿ ಸತ್ತ ಖಾತೇದಾರನ ಹೆಸರಿನ ಜೊತೆ 'ಮಯತ' ಎಂದಿರುತ್ತದೆ. ಅರಬ್ಬಿ ಮೂಲದ ಈ ಪದ ಆದಿಲಶಾಹಿ, ಪೇಶವೆ, ಮುಂಬಯಿ ಪ್ರಾಂತ್ಯದ ದಫ್ತರಗಳನ್ನು ದಾಟಿ ತಲಾಠಿಯ (ಗ್ರಾಮ ಲೆಕ್ಕಿಗನ) ಬರಹದಲ್ಲಿ ಉಳಿಯಿತು. 1956ರ ಏಕೀಕರಣದ ನಂತರ 'ಮೃತ', 'ಪೌತಿ' ಬಂದವು. ಮಯತ, ವಾರಸಾ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಎಂಬ ಮಾತುಗಳು ಹೋಗಲಿಲ್ಲ. ಸತ್ತ ಹಿರಿಯರ ಹೆಸರಿನ ಜೊತೆ ಲಿಂಗಾಯತರ ಲಗ್ನಪತ್ರಿಕೆಯಲ್ಲಿ 'ಲಿಂ.' (ಲಿಂಗೈಕ್ಯ), ಮರಾಠಿಗರದ್ದರಲ್ಲಿ 'ಕೈ.' (ಕೈಲಾಸವಾಸಿ), ಉರ್ದು ಮಾತಿನವರಲ್ಲಿ 'ಮರ್ಹೂಮ್'. ಎಲ್ಲದರಲ್ಲೂ ಸಾವು ಖಚಿತ.

ಸಾವು ಖಚಿತವಿದ್ದರೆ ದಾರಿಯೂ ನೇರ. 21 ದಿನದೊಳಗೆ ಮರಣ ನೋಂದಣಿ, ಆಮೇಲೆ ವಂಶಾವಳಿ, ವಾರಸಾ ಅರ್ಜಿ. ನೋಂದಣಿ ಮಾಡಿಸದೆ ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಗೋವಾಕ್ಕೋ ಮಂಗಳೂರಿಗೋ ಗುಳೆ ಹೋದವರು ಬರೀ ಗೈರು. ಹೊಲದ ಹಕ್ಕು ಅವರದೇ.

ಗಂಟು ಬಿದ್ದಿರುವುದು 'ನಾಪತ್ತೆ'ಯಲ್ಲಿ. ಮರಾಠಿಯ ಬೇಪತ್ತಾ, ಉರ್ದುವಿನ ಲಾಪತಾ ಇದೇ ಅರ್ಥದವು. ಏಳು ವರ್ಷ ಸುದ್ದಿ ಇಲ್ಲದವನನ್ನು ಸತ್ತವನೆಂದು ಊಹಿಸುವ ನಿಯಮವನ್ನು 1872ರ ಸಾಕ್ಷ್ಯ ಕಾಯ್ದೆ ತಂದಿತು. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಾಕ್ಷ್ಯ ಕಾಯ್ದೆಯ 111ನೇ ಕಲಮೂ ಅದನ್ನೇ ಹೇಳುತ್ತದೆ. ಬದುಕಿದ್ದರೆ ಯಾರಿಗೆ ಸುದ್ದಿ ಸಹಜವಾಗಿ ಮುಟ್ಟಬೇಕಿತ್ತೋ ಅವರಿಗೇ ಏಳು ವರ್ಷ ಸುದ್ದಿ ಇರಬಾರದು.

ಜನ ತಪ್ಪು ತಿಳಿಯುವುದು ಇಲ್ಲಿ. ಏಳು ವರ್ಷ ತುಂಬಿದ ಮಾತ್ರಕ್ಕೆ ಉತಾರದಲ್ಲಿ ಹೆಸರು ಬದಲಾಗದು. ಪೊಲೀಸ್ ದೂರು ಮತ್ತು ಪತ್ತೆಯಾಗಿಲ್ಲವೆಂಬ ವರದಿ ಹಿಡಿದು ಸಿವಿಲ್ ಕೋರ್ಟಿನಲ್ಲಿ ಸತ್ತನೆಂಬ ಘೋಷಣೆಯ ದಾವೆ ಹೂಡಬೇಕು, ಕೋರ್ಟಿನ ಡಿಕ್ರಿಯ ಮೇಲೆ ಮರಣ ಪ್ರಮಾಣಪತ್ರ, ಕೊನೆಗೆ ವಾರಸಾ. ಸತ್ತ ದಿನವನ್ನು ಕಾನೂನು ಊಹಿಸುವುದಿಲ್ಲವೆಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಜೀವವಿಮೆಯ ದಾವೆಯಲ್ಲಿ. ಕಾಣೆಯಾದವನ ಪಾಲಿಸಿಗೆ ಕಂತು ನಿಲ್ಲಿಸಿದ ಮನೆಯವರಿಗೆ ಈ ಮಾತು ಬಹಳ ದುಬಾರಿ: ಪಾಲಿಸಿ ಜಾರಿಯಲ್ಲಿದ್ದಾಗಲೇ ಸತ್ತನೆಂದು ಅವರೇ ಸಾಬೀತು ಮಾಡಬೇಕು.

ಹೆಂಡತಿಯ ಪಾಡು ಇನ್ನೂ ಕಠಿಣ. ಗಂಡನ ಸುದ್ದಿ ಇಲ್ಲವೆಂದು ವಿಚ್ಛೇದನ ಕೇಳಲು 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಲ್ಲಿ ನಾಲ್ಕು ವರ್ಷ ಸಾಕು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಏಳು. ಆದರೆ ವಿಚ್ಛೇದನ ಪಡೆದವಳು ಆಮೇಲೆ ವಿಧವೆಯಾಗಿ ಹೊಲದ ಪಾಲು ಕೇಳಲಾರಳು. ವಿಚ್ಛೇದನವೋ ಸಾವಿನ ಘೋಷಣೆಯೋ, ಯಾವುದು ಬೇಕು ಎಂಬುದನ್ನು ಅರ್ಜಿ ಹಾಕುವ ಮುಂಚೆಯೇ ಆಕೆಗೆ ಯಾರಾದರೂ ಬಿಡಿಸಿ ಹೇಳಬೇಕು.

ಫ್ರೆಂಚ್ ಕಾನೂನು ಇಲ್ಲಿ ಎರಡು ಪದ ಇಟ್ಟುಕೊಂಡಿದೆ. 'ಆಬ್ಸಾಂ' ಎಂದರೆ ಬದುಕಿದ್ದಾನೋ ಇಲ್ಲವೋ ತಿಳಿಯದವ. ಸಂದರ್ಭ ನೋಡಿ ಹತ್ತು ಅಥವಾ ಇಪ್ಪತ್ತು ವರ್ಷ ಕಾಯಬೇಕು. 'ದಿಸ್ಪಾರ್ಯು' ಎಂದರೆ ಪ್ರಾಣಾಪಾಯದ ಸನ್ನಿವೇಶದಲ್ಲಿ ಕಣ್ಮರೆಯಾಗಿ ಹೆಣ ಸಿಗದವ. ಅವನಿಗೆ ಆ ಕಾಯುವಿಕೆ ಇಲ್ಲ. ನಮ್ಮಲ್ಲಿ ಕೃಷ್ಣೆಯಲ್ಲಿ ಕೊಚ್ಚಿಹೋದವನೂ ಮುನಿಸಿಕೊಂಡು ಮನೆ ಬಿಟ್ಟವನೂ ನಾಪತ್ತೆಯೇ. 2021ರಲ್ಲಿ ಉತ್ತರಾಖಂಡದ ಚಮೋಲಿಯ ಪ್ರವಾಹ ದುರಂತದಲ್ಲಿ ಕಾಣೆಯಾದವರಿಗೆ ಬೇಗ ಮರಣ ಪ್ರಮಾಣಪತ್ರ ಕೊಡಲು ವಿಶೇಷ ಕ್ರಮವಾಯಿತು. ಒಬ್ಬಂಟಿಯಾಗಿ ಹೊಳೆ ಪಾಲಾದವನ ಮನೆಯವರು ಮಾತ್ರ ಸಾಂದರ್ಭಿಕ ಸಾಕ್ಷ್ಯ ಕಟ್ಟಿಕೊಂಡು ಕೋರ್ಟಿಗೇ ಅಲೆಯಬೇಕು.

ಹಾಗಾಗಿ ಹೊಳೆಯಲ್ಲಿ ಹೋದವನ ದೂರಿನಲ್ಲಿ 'ಕಾಣೆಯಾಗಿದ್ದಾರೆ' ಎಂದಷ್ಟೇ ಬರೆಸಬಾರದು. ಎಲ್ಲಿ ನೀರಿಗಿಳಿದ, ಯಾರು ನೋಡಿದರು, ದಂಡೆಯಲ್ಲಿ ಏನು ಸಿಕ್ಕಿತು, ಎಷ್ಟು ದಿನ ಹುಡುಕಿದರು ಎಲ್ಲವೂ ಪಂಚನಾಮೆಯಲ್ಲಿ ಬರಬೇಕು, ಅದರ ನಕಲು ಮನೆಯಲ್ಲಿರಬೇಕು.