ತೋಳಿನ ಸೆನ್ಸರ್ ತೋರಿಸುವ ಶುಗರ್ ಎಷ್ಟು ನಿಜ? ಲ್ಯಾಬ್ ಓದುವ ಗೆಳೆಯರಿಗೆ ಟಿಪ್ಪಣಿ

ಮಂಡ್ಯದಲ್ಲಿರುವ ನಮ್ಮ ಅತ್ತೆ ಶುಗರ್ ನೋಡೋಕೆ ತೋಳಿಗೆ ಸೆನ್ಸರ್ ಹಾಕಿಸಿಕೊಂಡಿದ್ದಾರೆ. ಮೊನ್ನೆ ಮುದ್ದೆ ಉಂಡ ಅರ್ಧ ಗಂಟೆಗೆ ಮೊಬೈಲ್‌ನಲ್ಲಿ 168 ಬಂತು. ಬೆರಳು ಚುಚ್ಚಿ ನೋಡಿದರೆ ಗ್ಲುಕೋಮೀಟರ್‌ನಲ್ಲಿ 190. "ಇದ್ರಲ್ಲಿ ಯಾವುದನ್ನ ನಂಬ್ಲಿ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ ಅಲ್ವಾ? ಉತ್ತರ ಹುಡುಕುತ್ತಾ ಓದಿದ್ದನ್ನು ಇಲ್ಲಿ ಬರೆದಿದ್ದೇನೆ.

ಸೆನ್ಸರ್ ರಕ್ತವನ್ನು ಮುಟ್ಟುವುದೇ ಇಲ್ಲ. ಅದರ ಸಣ್ಣ ತಂತಿ ಚರ್ಮದ ಕೆಳಗೆ, ಜೀವಕೋಶಗಳ ನಡುವಿನ ದ್ರವದಲ್ಲಿ ಕೂತಿರುತ್ತದೆ. ತಂತಿಯ ಮೇಲಿರುವ ಗ್ಲುಕೋಸ್ ಆಕ್ಸಿಡೇಸ್ ಕಿಣ್ವ ಗ್ಲುಕೋಸ್ ಜೊತೆ ಕೆಲಸ ಮಾಡಿದಾಗ ಸಣ್ಣ ವಿದ್ಯುತ್ ಹರಿಯುತ್ತದೆ. ಆ ವಿದ್ಯುತ್ತೇ ಅಂಕಿಯಾಗುತ್ತದೆ. ಗ್ಲುಕೋಸ್ ಮೊದಲು ರಕ್ತಕ್ಕೆ ಬಂದು, ಆಮೇಲೆ ಈ ದ್ರವಕ್ಕೆ ಇಳಿಯಬೇಕು. ಅದಕ್ಕೆ ಸುಮಾರು 5ರಿಂದ 15 ನಿಮಿಷ ಬೇಕು. ಶುಗರ್ ನಿಮಿಷಕ್ಕೆ 2 ಮಿಲಿಗ್ರಾಂನಂತೆ ಏರುತ್ತಿದ್ದರೆ, 10 ನಿಮಿಷದ ತಡಕ್ಕೇ 20ರ ವ್ಯತ್ಯಾಸ. ಅತ್ತೆಯ ಲೆಕ್ಕ ಬಹುತೇಕ ಇಲ್ಲೇ ಮುಗಿಯಿತು.

ಬಹುತೇಕ ಅಂದೆ, ಯಾಕೆಂದರೆ ಗ್ಲುಕೋಮೀಟರ್ ಕೂಡ ಅಳತೆಗೋಲಲ್ಲ. ಗ್ಲುಕೋಮೀಟರ್‌ಗಳಿಗಾಗಿ ಇರುವ 2013ರ ಐಎಸ್‌ಒ 15197 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಶುಗರ್ 100ಕ್ಕಿಂತ ಕಡಿಮೆ ಇದ್ದಾಗ 15 ಮಿಲಿಗ್ರಾಂ, 100 ಮತ್ತು ಮೇಲಿದ್ದಾಗ ಶೇ. 15 ಆಚೀಚೆ ಇರಬಹುದು. ನೂರರಲ್ಲಿ 95 ಓದುಗಳು ಈ ಮಿತಿಯೊಳಗಿದ್ದರೆ ಸಾಕು. ಬೆಲ್ಲ ಮುಟ್ಟಿದ ಬೆರಳನ್ನು ತೊಳೆಯದೆ ಚುಚ್ಚಿದರಂತೂ ಸುಮ್ನೆ ಜಾಸ್ತಿ ತೋರಿಸುತ್ತದೆ. ಆಲೆಮನೆ ಊರಿನವರಿಗೆ ಇದನ್ನು ಒತ್ತಿ ಹೇಳಬೇಕು.

ಹಾಗಾಗಿ ಸೆನ್ಸರ್ ಪರೀಕ್ಷೆ ಗಟ್ಟಿಯಾಗಿ ನಡೆಯಬೇಕಾದರೆ ಅಭಿಧಮನಿಯ ರಕ್ತವನ್ನು ಆಗಾಗ ತೆಗೆದು, ಲ್ಯಾಬ್ ಯಂತ್ರದ ಅಂಕಿಯ ಪಕ್ಕದಲ್ಲಿ ಸೆನ್ಸರ್ ಅಂಕಿಯನ್ನು ಇಡಬೇಕು. ಇಲ್ಲಿ ನಮ್ಮ ಕೈಯ ಕೆಲಸವೂ ಇದೆ. ತೆಗೆದ ರಕ್ತ ಹಾಗೇ ಇದ್ದರೆ ಅದರ ಕಣಗಳೇ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಗ್ಲುಕೋಸ್ ತಿಂದುಬಿಡುತ್ತವೆ. ಇದನ್ನು ತಡೆಯೋಕೆ ಬೂದು ಮುಚ್ಚಳದ ಟ್ಯೂಬಿನಲ್ಲಿ ಹಾಕಿರುವ ಫ್ಲೋರೈಡ್ ಕೂಡ ತಕ್ಷಣ ತಡೆಯುವುದಿಲ್ಲ, ಪೂರ್ತಿ ಹಿಡಿತಕ್ಕೆ ಕೆಲವು ಗಂಟೆ ಬೇಕು. ಬೇಗ ಪ್ಲಾಸ್ಮಾವನ್ನು (ಕಣಗಳಿಲ್ಲದ ರಕ್ತದ ದ್ರವವನ್ನು) ಬೇರ್ಪಡಿಸದಿದ್ದರೆ, ನಮ್ಮ ತಪ್ಪು ಸೆನ್ಸರ್ ತಪ್ಪಾಗಿ ಬರೆಯಲ್ಪಡುತ್ತದೆ.

ಈಗ ಸೆನ್ಸರ್ ಪರೀಕ್ಷೆಯಲ್ಲಿ ಎಲ್ಲರೂ ಕೇಳುವ ಮಾರ್ಡ್ (MARD), ಅಂದರೆ ಸೆನ್ಸರ್ ಸರಾಸರಿ ಎಷ್ಟು ತಪ್ಪುತ್ತದೆ ಎನ್ನುವ ಅಂಕಿ. ಲ್ಯಾಬ್ ಮತ್ತು ಸೆನ್ಸರ್ ಅಂಕಿಗಳ ಪ್ರತಿ ಜೋಡಿಯಲ್ಲಿ ವ್ಯತ್ಯಾಸ ಲ್ಯಾಬ್ ಅಂಕಿಯ ಶೇಕಡಾ ಎಷ್ಟು ಎಂದು ತೆಗೆದು, ಸರಾಸರಿ ಮಾಡಿದರೆ ಮಾರ್ಡ್. ನಾನೇ ಮಾಡಿಕೊಂಡ ಲೆಕ್ಕ ನೋಡಿ. ಲ್ಯಾಬ್ 120, ಸೆನ್ಸರ್ 126: ಶೇ. 5. ಲ್ಯಾಬ್ 150, ಸೆನ್ಸರ್ 144: ಶೇ. 4. 200ಕ್ಕೆ 190: ಶೇ. 5. 250ಕ್ಕೆ 260: ಶೇ. 4. ಕೊನೆಯದು, ಲ್ಯಾಬ್ 60, ಸೆನ್ಸರ್ 78: ಶೇ. 30. ಸರಾಸರಿ ಶೇ. 9.6. ಹತ್ತರೊಳಗಿದೆ, ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಆ ಐದನೇ ಜೋಡಿಯ ಮನುಷ್ಯನನ್ನು ನೆನೆಯಿರಿ. ಶುಗರ್ 70ಕ್ಕಿಂತ ಕೆಳಗಿಳಿದಿದೆ, ಬೆವರುತ್ತಿದ್ದಾನೆ, ಮೊಬೈಲ್ ಮಾತ್ರ 78 ಅನ್ನುತ್ತಿದೆ. ತಪ್ಪು ಎಷ್ಟು ಅಪಾಯಕಾರಿ ಎಂದು ಎಯಿಂದ ಇವರೆಗೆ ವಲಯಗಳಾಗಿ ತೋರಿಸುವ 1987ರ ಕ್ಲಾರ್ಕ್ ಗ್ರಿಡ್ ಎಂಬ ನಕ್ಷೆಯಲ್ಲಿ ಈ ಜೋಡಿಯ ಚುಕ್ಕೆ ಬೀಳುವುದು ಡಿ ವಲಯಕ್ಕೆ, ಅಂದರೆ ಚಿಕಿತ್ಸೆ ಬೇಕಾದಾಗ ಗೊತ್ತೇ ಆಗದ ತಪ್ಪಿಗೆ. ಅದಕ್ಕೇ ನಾನು ಮಾರ್ಡ್ ಒಂದನ್ನೇ ನಂಬುವುದಿಲ್ಲ. ಕಡಿಮೆ ಶುಗರ್‌ನಲ್ಲಿ ಎಷ್ಟು ಜೋಡಿ ತೆಗೆದರು, ವೇಗವಾಗಿ ಇಳಿಯುವಾಗ ಎಷ್ಟು ತೆಗೆದರು ಅಂತ ಮೊದಲು ನೋಡುತ್ತೇನೆ. ಸೆನ್ಸರ್ ಇರುವ ತೋಳನ್ನು ಮೈಕೆಳಗೆ ಹಾಕಿ ಮಲಗಿದಾಗ ಸೆನ್ಸರ್ ಒತ್ತಿಹೋಗಿ ಸುಳ್ಳು ಇಳಿತ ತೋರಿಸುವುದೂ ಉಂಟು.

ಇನ್ನು ಕೀಟೋನ್ (ದೇಹ ಸಕ್ಕರೆಯ ಬದಲು ಕೊಬ್ಬು ಸುಟ್ಟಾಗ ಹುಟ್ಟುವ ವಸ್ತು) ಅಳೆಯುವ ಸೆನ್ಸರ್‌ಗೆ ಬಂದರೆ ಶೇಕಡಾ ಲೆಕ್ಕವೇ ಕೈಕೊಡುತ್ತದೆ. ಇದು ಅಳೆಯುವುದು ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್ ಎಂಬ ಕೀಟೋನ್. ಸಾಮಾನ್ಯವಾಗಿ ಅದು ಲೀಟರಿಗೆ 0.6 ಮಿಲಿಮೋಲ್‌ಗಿಂತ ಕಡಿಮೆ. 0.1 ಇದ್ದಲ್ಲಿ 0.2 ತೋರಿಸಿದರೆ ಶೇ. 100 ತಪ್ಪು, ಆದರೆ ರೋಗಿಗೆ ಏನೂ ಆಗುವುದಿಲ್ಲ. ಆದ್ದರಿಂದ ಕೆಳಮಟ್ಟದಲ್ಲಿ ವ್ಯತ್ಯಾಸವನ್ನು ಮಿಲಿಮೋಲ್‌ನಲ್ಲೇ ನೋಡಬೇಕು, 1.5 ದಾಟಿದ ಮೇಲೆ ಶೇಕಡಾಕ್ಕೆ ಅರ್ಥ ಬರುತ್ತದೆ. 3 ದಾಟಿದರೆ ಕೀಟೋ ಆಸಿಡೋಸಿಸ್, ಅಂದರೆ ಕೀಟೋನ್ ತುಂಬಿ ರಕ್ತ ಆಮ್ಲೀಯವಾಗುವ ಅಪಾಯ. ಆದರೆ ಪರೀಕ್ಷೆಗಾಗಿ ಯಾರನ್ನೂ ಆ ಅಪಾಯಕ್ಕೆ ತಳ್ಳುವಂತಿಲ್ಲ. ಅನ್ನ, ಮುದ್ದೆ ತೀರಾ ಕಡಿಮೆ ಮಾಡಿಸಿ ಕೀಟೋನ್ ಏರಿಸುವುದು ಒಂದು ದಾರಿ, ಅದರಲ್ಲಿ ಮೇಲಿನ ಮಟ್ಟದ ಜೋಡಿಗಳು ಸಿಗುವುದು ಕಷ್ಟ.

ಮೂತ್ರದಲ್ಲಿ ಕೀಟೋನ್ ನೋಡುವ ನಮ್ಮ ಪ್ರಾಕ್ಟಿಕಲ್‌ನ ರೋಥೆರಾ ಟೆಸ್ಟ್ ನೆನಪಿದೆಯಲ್ಲ, ಆ ನೇರಳೆ ಉಂಗುರ? ಅದು ಅಸಿಟೋ ಅಸಿಟೇಟ್ ಮತ್ತು ಅಸಿಟೋನ್ ಎಂಬ ಬೇರೆ ಕೀಟೋನ್‌ಗಳಿಗೆ ಬರುತ್ತದೆ, ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್‌ಗೆ ಬರುವುದಿಲ್ಲ. ಕೀಟೋ ಆಸಿಡೋಸಿಸ್‌ಗೆ ಚಿಕಿತ್ಸೆ ಶುರುವಾದಾಗ ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್ ಅಸಿಟೋ ಅಸಿಟೇಟ್ ಆಗಿ ಬದಲಾಗುತ್ತದೆ. ಆಗ ರೋಗಿ ಸುಧಾರಿಸುತ್ತಿದ್ದರೂ ಮೂತ್ರದಲ್ಲಿ ಬಣ್ಣ ಜಾಸ್ತಿಯಾಗಬಹುದು. ಹಾಗಾಗಿ ಮೂತ್ರದ ಪಟ್ಟಿಯ ಪಕ್ಕ ಇಟ್ಟು ಈ ಸೆನ್ಸರ್ ಅಳೆಯುವಂತಿಲ್ಲ, ರಕ್ತವೇ ಬೇಕು.

ಶುಗರ್, ಕೀಟೋನ್ ಎರಡನ್ನೂ ಒಟ್ಟಿಗೆ ಅಳೆಯುವುದು ಯಾಕೆ ಅಂದರೆ, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಶುಗರ್ ಮಾತ್ರೆ ತಗೊಳ್ಳುವವರಿಗೆ ಶುಗರ್ 180 ಇದ್ದಾಗಲೂ ಕೀಟೋ ಆಸಿಡೋಸಿಸ್ ಆಗಬಹುದು. 2015ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಮಾತ್ರೆಗಳ ಬಗ್ಗೆ ಎಚ್ಚರಿಸಿತ್ತು. ಅತ್ತೆಯ ಮಾತ್ರೆ ಚೀಟಿ ನೋಡಿದೆ, ಅದರಲ್ಲಿ ಡಾಪಾಗ್ಲಿಫ್ಲೋಜಿನ್ ಇದೆ. ಶಿವರಾತ್ರಿಗೆ ಅವರು ನೀರೂ ಕುಡಿಯದೆ ಉಪವಾಸ ಇರುವವರು. ಈ ಸಲ ಹಬ್ಬಕ್ಕೆ ಮೊದಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ.