ಹಸಿರು ಕಟ್ಟಡದ ಉಳಿತಾಯ ಯಾರಿಗೆ ಸೇರಬೇಕು?

'ಹಸಿರು ಕಟ್ಟಡ ಅಂದ್ರೆ ಖರ್ಚು ಎಷ್ಟು ಜಾಸ್ತಿ ಆಗುತ್ತೆ?' ಆಫೀಸ್ ಕಟ್ಟಡ ಕಟ್ಟಲು ಹೊರಟವರು ನನ್ನನ್ನು ಮೊದಲು ಕೇಳುವುದೇ ಇದನ್ನು. ಕೇಳಬೇಕಾದ ಪ್ರಶ್ನೆಯೇ. ಆದರೆ ಬೆಂಗಳೂರಿನ ಕಚೇರಿಗಳ ಕರೆಂಟು, ನೀರಿನ ಲೆಕ್ಕ ನೋಡುವ ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಬೇರೆ: ಹಣ ಹಾಕುವವರು ಯಾರು, ಉಳಿತಾಯ ಸಿಗುವುದು ಯಾರಿಗೆ?

ಗಾಜು, ಎಸಿಗೆ ನೀರು ತಣ್ಣಗಾಗಿಸುವ ಚಿಲ್ಲರ್ ಯಂತ್ರ, ಪಂಪು ಎಲ್ಲವನ್ನೂ ಕೊಳ್ಳುವವರು ಮಾಲೀಕರು. ತಿಂಗಳ ಕರೆಂಟ್ ಬಿಲ್ ಕಟ್ಟುವವರು ಬಾಡಿಗೆದಾರರು. ಹೀಗಿರುವಾಗ ಮಾಲೀಕರು ಒಳ್ಳೆಯ ಚಿಲ್ಲರ್‌ಗೆ ಯಾಕೆ ಜಾಸ್ತಿ ಕೊಡಬೇಕು? ಐದೋ ಹತ್ತೋ ವರ್ಷ ಇದ್ದು ಹೋಗುವ ಬಾಡಿಗೆದಾರರು ಬೇರೆಯವರ ಕಟ್ಟಡಕ್ಕೆ ಯಾಕೆ ದುಡ್ಡು ಸುರಿಯಬೇಕು? ಇಬ್ಬರ ಲೆಕ್ಕವೂ ಸರಿ. ನಷ್ಟ ಮಾತ್ರ ಇಬ್ಬರಿಗೂ.

ಒಂದು ಲೆಕ್ಕ ಹಾಕೋಣ. 1 ಲಕ್ಷ ಚದರ ಅಡಿಯ ಕಚೇರಿ, ಅಂದರೆ ಸುಮಾರು 9,290 ಚದರ ಮೀಟರ್. ಮಾಮೂಲಿಯಾಗಿ ಕಟ್ಟಿದರೆ ವರ್ಷಕ್ಕೆ ಚದರ ಮೀಟರ್‌ಗೆ 150 ಯೂನಿಟ್, ಯೋಚನೆ ಮಾಡಿ ಕಟ್ಟಿದರೆ 90 ಯೂನಿಟ್ ಎಂದು ಇಟ್ಟುಕೊಳ್ಳಿ. ವರ್ಷಕ್ಕೆ ಐದೂವರೆ ಲಕ್ಷ ಯೂನಿಟ್ ಉಳಿಯಿತು. ಯೂನಿಟ್‌ಗೆ 9 ರೂಪಾಯಿ ಹಿಡಿದರೂ 50 ಲಕ್ಷ ರೂಪಾಯಿ. ಇದನ್ನೇ ಬಾಡಿಗೆಯ ಭಾಷೆಯಲ್ಲಿ ಹೇಳಿದರೆ ತಿಂಗಳಿಗೆ ಚದರ ಅಡಿಗೆ 4 ರೂಪಾಯಿಗಿಂತ ಸ್ವಲ್ಪ ಜಾಸ್ತಿ. ಬಾಡಿಗೆ ಮಾತುಕತೆಯಲ್ಲಿ ಒಂದು ರೂಪಾಯಿಗೆ ವಾರಗಟ್ಟಲೆ ಚೌಕಾಸಿ ಮಾಡುತ್ತೇವೆ. ಈ 4 ರೂಪಾಯಿಯನ್ನು ಯಾರೂ ಮೇಜಿನ ಮೇಲೆ ತರುವುದೇ ಇಲ್ಲ.

ತಂದರೆ ಏನಾಗುತ್ತದೆ ನೋಡಿ. ಉಳಿತಾಯದಲ್ಲಿ ಅರ್ಧ, ಅಂದರೆ 2 ರೂಪಾಯಿ, ಬಾಡಿಗೆಗೆ ಸೇರಿತು ಅನ್ನೋಣ. ಬಾಡಿಗೆದಾರರ ಒಟ್ಟು ಖರ್ಚು ಆಗಲೂ ಕಡಿಮೆಯೇ. ಮಾಲೀಕರಿಗೆ ವರ್ಷಕ್ಕೆ 24 ಲಕ್ಷ ರೂಪಾಯಿ ಹೆಚ್ಚು ಆದಾಯ. ಕಚೇರಿ ಕಟ್ಟಡಕ್ಕೆ ಬೆಲೆ ಕಟ್ಟುವುದು ಅದು ತರುವ ಆದಾಯದ ಮೇಲೆ ಅಲ್ವಾ? ವರ್ಷದ ಆದಾಯ ಬೆಲೆಯ ಶೇಕಡ 8 ಇರಬೇಕು ಎಂಬ ಲೆಕ್ಕದಲ್ಲಿ ಆ 24 ಲಕ್ಷ, ಕಟ್ಟಡದ ಬೆಲೆಗೆ 3 ಕೋಟಿ ಸೇರಿಸುತ್ತದೆ. ಚದರ ಅಡಿಗೆ 300 ರೂಪಾಯಿ. ಒಳ್ಳೆಯ ಚಿಲ್ಲರ್‌ಗೆ ಜಾಸ್ತಿ ಕೊಡಬೇಕೋ ಬೇಡವೋ ಎಂಬ ಚರ್ಚೆ ಈ 300ರ ಪಕ್ಕದಲ್ಲಿ ಕೂತು ನಡೆಯಬೇಕು.

ಇನ್ನು 'ಜಾಸ್ತಿ ಖರ್ಚು' ಎಂಬ ಭಯ. ಇದಕ್ಕೆ ನಮ್ಮ ದೇಶದಲ್ಲೇ ಒಳ್ಳೆಯ ಪ್ರಯೋಗ ನಡೆದಿದೆ. ಹೈದರಾಬಾದ್‌ನ ಪೋಚಾರಂನಲ್ಲಿ ಇನ್ಫೋಸಿಸ್ 2011ರಲ್ಲಿ ಒಂದು ಕಟ್ಟಡವನ್ನು ಎರಡು ಸಮ ಭಾಗವಾಗಿ ಕಟ್ಟಿತು. ಒಂದು ಭಾಗಕ್ಕೆ ತಣ್ಣನೆಯ ಗಾಳಿ ಊದುವ ಮಾಮೂಲಿ ಎಸಿ. ಇನ್ನೊಂದಕ್ಕೆ ಸ್ಲ್ಯಾಬ್ ಒಳಗೇ ಪೈಪು ಹಾಕಿ ತಣ್ಣೀರು ಹರಿಸುವ ವ್ಯವಸ್ಥೆ. ಅದೇ ಊರು, ಅದೇ ಬಿಸಿಲು, ಅದೇ ಥರದ ಕೆಲಸ. ಎರಡು ವರ್ಷ ಅಳೆದಾಗ ತಣ್ಣೀರಿನ ಭಾಗ ತಂಪು ಮಾಡಲು ಬಳಸಿದ ಕರೆಂಟು ಸುಮಾರು ಮೂರನೇ ಒಂದು ಭಾಗ ಕಡಿಮೆ. ಕಟ್ಟುವ ಖರ್ಚು? ಹೆಚ್ಚಾಗಲೇ ಇಲ್ಲ, ಮಾಮೂಲಿ ಎಸಿಗಿಂತ ತುಸು ಕಡಿಮೆಯೇ ಆಯಿತು.

ಎಲ್ಲ ಕಡೆಯೂ ಹೀಗೆಯೇ ಆಗುತ್ತದೆ ಎಂದು ನಾನು ಹೇಳಲಾರೆ. ಆದರೆ ಖರ್ಚು ಏರುವುದೋ ಇಳಿಯುವುದೋ ಎಂಬುದು ಬಹುಪಾಲು ನಿರ್ಧಾರಗಳ ಕ್ರಮದ ಮೇಲೆ ನಿಂತಿದೆ. ಪಶ್ಚಿಮಕ್ಕೆ ಇಡೀ ಗಾಜಿನ ಗೋಡೆ ಕೊಟ್ಟು, ಆಮೇಲೆ ದುಬಾರಿ ಗಾಜು, ದೊಡ್ಡ ಚಿಲ್ಲರ್, ಮೇಲೊಂದಿಷ್ಟು ಸೋಲಾರ್ ಹಾಕಿದರೆ ಖರ್ಚು ಏರಲೇಬೇಕು. ಮೊದಲು ಬಿಸಿಲು ತಡೆದರೆ ಚಿಲ್ಲರ್ ಚಿಕ್ಕದಾಗುತ್ತದೆ. ಚಿಲ್ಲರ್ ಚಿಕ್ಕದಾದರೆ ಪಂಪು, ಕೇಬಲ್, ಟ್ರಾನ್ಸ್‌ಫಾರ್ಮರ್, ಡೀಸೆಲ್ ಜನರೇಟರ್ ಎಲ್ಲವೂ ಚಿಕ್ಕದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ವರ್ಷದ ಎಷ್ಟೋ ತಿಂಗಳು ಬೆಳಿಗ್ಗೆ, ಸಂಜೆ ಹೊರಗಿನ ಗಾಳಿಯೇ ಸಾಕು. ಒಂದು ಕಿಟಕಿಯೂ ತೆರೆಯದ ಪೆಟ್ಟಿಗೆಗಳನ್ನು ಈ ಊರಿನಲ್ಲಿ ಸಾಲುಸಾಲಾಗಿ ಕಟ್ಟಿದ್ದೇವಲ್ಲ, ಅದು ನನಗೆ ನಿಜಕ್ಕೂ ನೋವಿನ ಸಂಗತಿ.

ನೀರಿನ ವಿಚಾರ 2024ರ ಬೇಸಿಗೆಯಲ್ಲಿ ಎಲ್ಲರಿಗೂ ತಟ್ಟಿತು. ಬೋರ್‌ವೆಲ್ ಬತ್ತಿದವು, ಟ್ಯಾಂಕರ್ ದರ ಏರಿತು. ಜಲಮಂಡಳಿ ಗಾರ್ಡನ್‌ಗೆ, ವಾಹನ ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿತು. ಕಚೇರಿಯಲ್ಲಿ ಒಬ್ಬರಿಗೆ ದಿನಕ್ಕೆ 45 ಲೀಟರ್ ಎಂದು ಲೆಕ್ಕ. ಅದರಲ್ಲಿ 20 ಲೀಟರ್ ಟಾಯ್ಲೆಟ್ ಫ್ಲಶ್‌ಗೇ ಹೋಗುತ್ತದೆ. ಸಾವಿರ ಜನ ಇದ್ದರೆ ದಿನಕ್ಕೆ 20,000 ಲೀಟರ್. ಇಷ್ಟನ್ನೂ ಕಟ್ಟಡದ ಕೊಳಚೆ ನೀರನ್ನು ಶುದ್ಧ ಮಾಡುವ ಎಸ್‌ಟಿಪಿಯ ನೀರಿನಲ್ಲೇ ಮುಗಿಸಬಹುದು, ಎರಡು ಪ್ರತ್ಯೇಕ ಪೈಪ್ ಲೈನ್ ಇದ್ದರೆ. ಕಟ್ಟುವಾಗ ಹಾಕಿದರೆ ಅದು ಸಣ್ಣ ಖರ್ಚು. ಜನ ತುಂಬಿದ ಮೇಲೆ ಹಾಕುವುದೆಂದರೆ ಟೈಲ್ಸ್ ಒಡೆಯಬೇಕು.

ಪ್ರಮಾಣಪತ್ರಗಳ ಬಗ್ಗೆ ಒಂದು ಮಾತು. ಹಸಿರು ಕಟ್ಟಡಗಳಿಗೆ ಅಂಕ ಕೊಡುವ ಲೀಡ್, ಐಜಿಬಿಸಿ, ಗೃಹ (GRIHA) ಎಲ್ಲಕ್ಕೂ ಅವುಗಳದೇ ಉಪಯೋಗವಿದೆ. ದೊಡ್ಡ ಕಂಪನಿಗಳು ಕಚೇರಿ ಹುಡುಕುವಾಗ ಮೊದಲು ಅದನ್ನೇ ಕೇಳುತ್ತವೆ. ಆದರೆ ವಿನ್ಯಾಸಕ್ಕೆ ಸಿಕ್ಕ ಅಂಕ ಮೀಟರ್‌ನಲ್ಲಿ ತಾನಾಗಿ ಕಾಣುವುದಿಲ್ಲ. ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಬಿಇಇ ಕಚೇರಿಗಳಿಗೆ ಕೊಡುವ ಸ್ಟಾರ್ ನನಗೆ ಇಷ್ಟವಾಗುವುದು ಇದಕ್ಕೇ. ಅಲ್ಲಿ ನೋಡುವುದು ನಿಜವಾಗಿ ಬಳಸಿದ ಯೂನಿಟ್‌ಗಳನ್ನು. ಎಸಿಯನ್ನು 24 ಡಿಗ್ರಿಗೆ ಇಡಿ, ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡ 6 ಕರೆಂಟು ಉಳಿಯುತ್ತದೆ ಎಂದು ಹೇಳುತ್ತಾ ಬಂದಿರುವುದೂ ಅದೇ ಸಂಸ್ಥೆ. ಇದಕ್ಕೆ ಒಂದು ಪೈಸೆ ಬಂಡವಾಳ ಬೇಡ.

ಬಾಡಿಗೆದಾರರ ಕಡೆಯಿಂದಲೂ ಒತ್ತಡ ಬರುತ್ತಿದೆ. ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದ ಪ್ರಕಾರ 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ದೇಶದ ಮೊದಲ 1,000 ಲಿಸ್ಟೆಡ್ ಕಂಪನಿಗಳು ತಮ್ಮ ಕರೆಂಟು, ನೀರು, ಕಸದ ಲೆಕ್ಕವನ್ನು ವರ್ಷ ವರ್ಷ ಬಹಿರಂಗಪಡಿಸಬೇಕು. ಬಾಡಿಗೆ ಕಟ್ಟಡದಲ್ಲಿದ್ದರೂ ಲೆಕ್ಕ ಬೇಕು. ಅದನ್ನು ಕೊಡಲಾಗದ ಕಟ್ಟಡವನ್ನು ಅಂಥ ಕಂಪನಿ ಯಾಕೆ ಆರಿಸಿಕೊಳ್ಳುತ್ತದೆ?

ಹಾಗಾಗಿ ಲೀಸ್ ಬರೆಯುವಾಗಲೇ ಇದನ್ನು ಬರೆದುಕೊಳ್ಳಿ ಎಂದು ಇಬ್ಬರಿಗೂ ಹೇಳುತ್ತೇನೆ. ಪ್ರತಿ ಮಹಡಿಗೂ ಬೇರೆ ಮೀಟರ್ ಇರಲಿ. ಚಿಲ್ಲರ್‌ಗೆ ಅದರದೇ ಮೀಟರ್ ಇರಲಿ. ಮಾಲೀಕರು ಹೂಡಿದ ಹಣಕ್ಕೆ ಬಂದ ಉಳಿತಾಯದಲ್ಲಿ ಇಂತಿಷ್ಟು ಪಾಲು, ಇಂತಿಷ್ಟು ವರ್ಷ ಎಂದು ಒಂದು ಷರತ್ತು ಸೇರಲಿ. ಹಳೆಯ ಕಟ್ಟಡವಾದರೆ ಲೀಸ್ ನವೀಕರಣದ ಸಮಯವೇ ಸರಿಯಾದ ಸಮಯ. ಅದಕ್ಕೆ ಆರು ತಿಂಗಳು ಮುಂಚೆ ಕಳೆದ ಹನ್ನೆರಡು ತಿಂಗಳ ಕರೆಂಟ್ ಬಿಲ್, ಡೀಸೆಲ್ ಬಿಲ್, ಟ್ಯಾಂಕರ್ ಬಿಲ್ ಮೂರನ್ನೂ ತರಿಸಿಕೊಂಡು, ಚದರ ಅಡಿಗೆ ತಿಂಗಳಿಗೆ ಎಷ್ಟಾಯಿತು ಎಂದು ಇಬ್ಬರೂ ಕೂತು ಭಾಗಿಸಿ ನೋಡಿ. ಬಾಡಿಗೆಯ ಮಾತು ಆಮೇಲೆ ಶುರುವಾಗಲಿ.