ವರ್ನರ್ ಸಿಂಡ್ರೋಮ್: ಮೂವತ್ತರ ಆಸುಪಾಸಲ್ಲೇ ಕಣ್ಣಿಗೆ ಪೊರೆ

ಕಣ್ಣಿನ ಪೊರೆ ಅಂದ್ರೆ ಅಜ್ಜ ಅಜ್ಜಿಯರ ಕಾಯಿಲೆ ಅಲ್ವಾ? ವಯಸ್ಸಿಗೆ ಮುಂಚೆಯೇ ಮುಪ್ಪು ತರುವ ವರ್ನರ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆ ಇರುವವರಿಗೆ ಅದು ಸಾಮಾನ್ಯವಾಗಿ ಇಪ್ಪತ್ತು, ಮೂವತ್ತರ ವಯಸ್ಸಿಗೇ ಬರುತ್ತದೆ. ಅದೂ ಎರಡೂ ಕಣ್ಣಿಗೆ.

ಹೆಸರು ಜರ್ಮನಿಯ ಡಾಕ್ಟರ್ ಒಟ್ಟೊ ವರ್ನರ್ ಅವರದು. ಒಂದೇ ಮನೆಯ ನಾಲ್ವರು ಒಡಹುಟ್ಟಿದವರಿಗೆ ಎಳೆ ವಯಸ್ಸಲ್ಲೇ ಪೊರೆ ಬಂದು, ಚರ್ಮ ಬಿಗಿದುಕೊಂಡಿದ್ದನ್ನು ಅವರು 1904ರಲ್ಲಿ ಕೀಲ್ ವಿಶ್ವವಿದ್ಯಾಲಯದ ಪ್ರಬಂಧದಲ್ಲಿ ಬರೆದರು. ಇದನ್ನು ಮಕ್ಕಳಿಗೆ ಎಳವೆಯಲ್ಲೇ ಮುಪ್ಪು ತರುವ ಪ್ರೊಜೇರಿಯಾ ಜೊತೆ ಕಲಸಬೇಡಿ. ಇಲ್ಲಿ ಬಾಲ್ಯ ಮಾಮೂಲಿಯಾಗಿಯೇ ಕಳೆಯುತ್ತದೆ. ಹದಿಹರೆಯದಲ್ಲಿ ಸರ್ರನೆ ಎತ್ತರ ಆಗಬೇಕಲ್ಲ, ಅದು ಆಗುವುದಿಲ್ಲ. ಆಮೇಲೆ ಕೂದಲು ನರೆಯುತ್ತದೆ, ದನಿ ಕೀರಲಾಗುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ.

ಕಾರಣ, ಡಿಎನ್‌ಎ ರಿಪೇರಿಗೆ ಬೇಕಾದ ಡಬ್ಲ್ಯುಆರ್‌ಎನ್ ಎಂಬ ಜೀನ್ ಕೆಟ್ಟಿರುವುದು. ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದಿದ್ದರೆ ಮಾತ್ರ ಕಾಯಿಲೆ. ಗೊತ್ತಿರುವ ರೋಗಿಗಳಲ್ಲಿ ಹೆಚ್ಚಿನವರು ಜಪಾನಿನವರು.

ಪೊರೆ ತೆಗೆಯುವುದೇನೋ ಆಗುತ್ತದೆ, ಗಾಯ ಮಾಯಬೇಕಲ್ಲ! ನಮ್ಮ ಚರ್ಮದ ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿದರೆ ಸುಮಾರು 60 ಸಲ ಇಮ್ಮಡಿಯಾಗುತ್ತವೆ. ಇವರ ಜೀವಕೋಶಗಳು ಸುಮಾರು 20 ಸಲಕ್ಕೇ ಸುಸ್ತು. ಅದಕ್ಕೇ ಹಿಮ್ಮಡಿ, ಕಾಲಿನ ಗಂಟಿನ ಹತ್ತಿರ ಆದ ಹುಣ್ಣು ತಿಂಗಳುಗಟ್ಟಲೆ ಆರುವುದಿಲ್ಲ. ಕಣ್ಣಿನ ಗಾಯಕ್ಕೂ ಇದೇ ಪಾಡು. ಹಿಂದೆ ಕಣ್ಣನ್ನು ಅಗಲವಾಗಿ ಕೊಯ್ದು, ಪೊರೆ ಬಂದ ಮಸೂರವನ್ನು ಇಡಿಯಾಗಿ ತೆಗೆದು ಹೊಲಿಗೆ ಹಾಕುತ್ತಿದ್ದರು. ವರ್ನರ್ ರೋಗಿಗಳಲ್ಲಿ ಆ ಗಾಯ ಮತ್ತೆ ಬಿಚ್ಚಿಕೊಂಡದ್ದುಂಟು, ಕಣ್ಣಿನ ಮುಂಭಾಗದ ಕಾರ್ನಿಯಾ ನೀರು ತುಂಬಿ ಮಬ್ಬಾದದ್ದೂ ಉಂಟು.

ಈಗ ಫೇಕೊ ಎಂಬ ಆಪರೇಶನ್ ಇದೆ. ಎರಡು ಮೂರು ಮಿಲಿಮೀಟರ್ ಕೊಯ್ತ ಸಾಕು. ಅದರೊಳಗಿಂದ ಸಣ್ಣ ಸೂಜಿ ತೂರಿಸಿ, ಪೊರೆಯನ್ನು ಪುಡಿ ಮಾಡಿ ಹೀರಿ, ಮಡಚಿದ ಕೃತಕ ಲೆನ್ಸ್ ಕೂರಿಸುತ್ತಾರೆ. (ಜನ ಇದನ್ನೇ 'ಲೇಸರ್ ಆಪರೇಶನ್' ಅನ್ನುತ್ತಾರೆ. ನಿಜಕ್ಕೂ ಪುಡಿ ಮಾಡುವುದು ಅಲ್ಟ್ರಾಸೌಂಡ್.) ಗಾಯ ಚಿಕ್ಕದಾದಷ್ಟೂ ಇವರಿಗೆ ಅಪಾಯ ಕಡಿಮೆ.

ಹಾಗಂತ ಡಾಕ್ಟರು ನಿಶ್ಚಿಂತೆಯಿಂದ ಇರುವಂತಿಲ್ಲ. ಆಪರೇಶನ್ ಆದ ಮೇಲೆ ಎಲ್ಲರಿಗೂ ಕೊಡುವ ಸ್ಟೀರಾಯ್ಡ್ ಹನಿ ಗಾಯ ಮಾಯುವುದನ್ನು ಇನ್ನಷ್ಟು ನಿಧಾನ ಮಾಡಬಹುದು. ಅದನ್ನು ಅಳೆದು ತೂಗಿ ಹಾಕಬೇಕು. ಸಕ್ಕರೆ ಕಾಯಿಲೆ ಇದ್ದರೆ ಕಣ್ಣಿನ ಹಿಂಭಾಗದ ಪರದೆ ರೆಟಿನಾವನ್ನೂ ನೋಡಬೇಕು. ಇನ್ನೊಂದು ವಿಷಯ: ಎಷ್ಟೋ ರೋಗಿಗಳು ತಮಗೆ ಈ ಕಾಯಿಲೆ ಇದೆ ಅಂತಲೇ ಗೊತ್ತಿಲ್ಲದೆ, ಸುಮ್ನೆ 'ಮಂಜು ಮಂಜಾಗಿ ಕಾಣ್ತಿದೆ' ಅಂತ ಮೊದಲು ಬರುವುದು ಕಣ್ಣಿನ ಡಾಕ್ಟರ ಹತ್ತಿರವೇ. ಮೂವತ್ತರ ಆಸುಪಾಸಿನವರಿಗೆ ಎರಡೂ ಕಣ್ಣಲ್ಲಿ ಪೊರೆ, ತಲೆ ತುಂಬ ಬಿಳಿ ಕೂದಲು ಕಂಡರೆ, ಅನುಭವಸ್ಥ ಡಾಕ್ಟರು ಅವರ ಕಾಲನ್ನೂ ತೋರಿಸಲು ಹೇಳುತ್ತಾರೆ.